ಕಂಡದ್ದನ್ನು ಬರೆದವನು: ಫ್ರಾನ್ಸಿಸ್ಕೊ ಗೋಯಾ

1863ರಲ್ಲಿ ಮಾಡ್ರಿಡ್ ನಗರದ ಸಾನ್ ಫೆರ್ನಾಂಡೊ ಕಲಾ ಅಕಾಡೆಮಿಯು 80 ಅಚ್ಚುಚಿತ್ರಗಳ ಒಂದು ಸಂಪುಟವನ್ನು ಹೊರತಂದಿತು. ಅದಕ್ಕೆ ‘ಯುದ್ಧದ ಅನಾಹುತಗಳು’ ಎಂದು ಹೆಸರಿಟ್ಟವರು ಅಕಾಡೆಮಿಯವರೇ ಹೊರತು ಚಿತ್ರಕಾರನಲ್ಲ. ಚಿತ್ರಕಾರ ತೀರಿಕೊಂಡು ಆಗಲೇ ಮೂವತ್ತೈದು ವರ್ಷಗಳು ಸಂದಿದ್ದವು. ಅವನನ್ನು ಸ್ಪೇನ್ ದೇಶ ಅರಸರ, ಅರಸಿಯರ, ಮಂತ್ರಿಗಳ ಭಾವಚಿತ್ರಕಾರನೆಂದು ನೆನೆಯುತ್ತಿತ್ತು. ಜರತಾರಿಯ ಹೊಳಪನ್ನು, ರೇಷ್ಮೆಯ ನೆರಿಗೆಯನ್ನು, ಪದಕಗಳ ಮಿನುಗನ್ನು ಅವನಂತೆ ಹಿಡಿದವರು ಆ ಕಾಲದ ಯುರೋಪಿನಲ್ಲಿ ವಿರಳ. ಅಂಥವನ ಕೈಯಿಂದ ಮರಕ್ಕೆ ಕಟ್ಟಿದ ಹೆಣಗಳು, ಹಸಿವಿನಿಂದ ಬೀದಿಯಲ್ಲಿ ಬಿದ್ದ ಹೆಂಗಸರು, ಬಂದೂಕಿನ ಮೊನೆಯೆದುರು ಮೊಣಕಾಲೂರಿದ ಬಡವರು ಹೊರಬಂದುದನ್ನು ಕಂಡು ಜನ ಬೆರಗಾದರು. ಯಾರೂ ಕೇಳದೆ, ಯಾರೂ ಹಣ ಕೊಡದೆ, ತಾನು ಬದುಕಿರುವಾಗ ಯಾರಿಗೂ ಮಾರದೆ ಅವನು ಇವನ್ನು ಏಕೆ ಮಾಡಿಟ್ಟ? ಫ್ರಾನ್ಸಿಸ್ಕೊ ಗೋಯಾನ ಬದುಕನ್ನು ಹೇಳಹೊರಟವರು ಯಾವ ದಾರಿಯಿಂದ ಹೋದರೂ ಕೊನೆಗೆ ಈ ಪ್ರಶ್ನೆಯ ಮುಂದೆ ಬಂದು ನಿಲ್ಲಬೇಕಾಗುತ್ತದೆ.

ಗೋಯಾ ಹುಟ್ಟಿದ್ದು 1746ರ ಮಾರ್ಚ್ 30ರಂದು, ಸ್ಪೇನಿನ ಅರಗಾನ್ ಪ್ರಾಂತದ ಫ್ವೆಂಡೆಟೋಡೋಸ್ ಎಂಬ ಬರಡು ಹಳ್ಳಿಯಲ್ಲಿ. ತಂದೆ ಹೊಸೆ ಮರದ ವಿಗ್ರಹಗಳಿಗೂ ಚೌಕಟ್ಟುಗಳಿಗೂ ಚಿನ್ನದ ರೇಕು ಹಚ್ಚುವ ಕುಶಲಕರ್ಮಿ. ತಾಯಿ ಗ್ರಾಸಿಯಾ ಲೂಸಿಯೆಂತೆಸ್ ಕುಲೀನರೆಂಬ ಹೆಸರಷ್ಟೇ ಉಳಿದಿದ್ದ, ಆಸ್ತಿ ಕರಗಿಹೋಗಿದ್ದ ಮನೆತನದವಳು. ಬಾಲ್ಯ ಕಳೆದುದು ಸರಗೋಸಾ ಪಟ್ಟಣದಲ್ಲಿ. ಹದಿನಾಲ್ಕರ ಸುಮಾರಿಗೆ ಹೊಸೆ ಲುಸಾನ್ ಎಂಬ ಚಿತ್ರಕಾರನ ಕೈಕೆಳಗೆ ಕಲಿಯಲು ಸೇರಿದ. 1763ರಲ್ಲಿ ಒಮ್ಮೆ, 1766ರಲ್ಲಿ ಮತ್ತೊಮ್ಮೆ ಮಾಡ್ರಿಡ್ಡಿನ ಅಕಾಡೆಮಿ ಏರ್ಪಡಿಸಿದ ಸ್ಪರ್ಧೆಗೆ ನಿಂತು ಎರಡು ಸಲವೂ ಬರಿಗೈಯಲ್ಲಿ ಮರಳಿದ. ಅನಂತರ ಇಟಲಿಗೆ ಹೋಗಿಬಂದು, ಸರಗೋಸಾದ ಪಿಲಾರ್ ದೇವಾಲಯದ ಚಾವಣಿಗೆ ಭಿತ್ತಿಚಿತ್ರ ಬರೆಯುವ ಕೆಲಸ ಹಿಡಿದ. 1773ರಲ್ಲಿ ಅವನು ಕೈಹಿಡಿದ ಹೊಸೆಫಾ, ಆಸ್ಥಾನದಲ್ಲಿ ಪ್ರಭಾವಶಾಲಿಯಾಗಿದ್ದ ಚಿತ್ರಕಾರ ಫ್ರಾನ್ಸಿಸ್ಕೊ ಬಯೇವುವಿನ ತಂಗಿ. ಈ ನಂಟಸ್ತನದಿಂದ ಅವನಿಗೆ ರಾಜಧಾನಿಯ ಬಾಗಿಲು ತೆರೆಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರತಿಭೆಗೂ ಒಬ್ಬ ಭಾವಮೈದುನನ ಆಸರೆ ಬೇಕಾಗುತ್ತಿದ್ದ ಕಾಲವದು. ದಂಪತಿಗಳಿಗೆ ಹುಟ್ಟಿದ ಹಲವು ಮಕ್ಕಳಲ್ಲಿ ಬೆಳೆದು ದೊಡ್ಡವನಾಗಿ ಉಳಿದವನು ಹವಿಯೆರ್ ಒಬ್ಬನೇ.

ಮಾಡ್ರಿಡ್ಡಿನಲ್ಲಿ ಗೋಯಾನಿಗೆ ಮೊದಲು ಸಿಕ್ಕಿದ್ದು ಸಾಂತಾ ಬಾರ್ಬರಾ ರಾಜ ನೆಯ್ಗೆಶಾಲೆಯ ಕೆಲಸ. ಅರಮನೆಯ ಗೋಡೆಗಳ ಮೇಲೆ ಇಳಿಬಿಡುವ ಚಿತ್ರದ ನೆಯ್ಗೆಗಳಿಗೆ ಅವನು ವರ್ಣದಲ್ಲಿ ಮಾದರಿಗಳನ್ನು ಬರೆದುಕೊಡಬೇಕು, ನೇಕಾರರು ಅದನ್ನು ನೋಡಿಕೊಂಡು ನೆಯ್ಯಬೇಕು. ಗಾಳಿಪಟ ಹಾರಿಸುವವರು, ವನಭೋಜನಕ್ಕೆ ಕುಳಿತವರು, ಕಣ್ಣುಕಟ್ಟಿ ಆಡುವ ಸರಿಕರು ಇವೇ ಅದರ ವಸ್ತುಗಳು. ಅರಸರ ಊಟದ ಕೋಣೆಯಲ್ಲಿ ಪ್ರಜೆಗಳೆಲ್ಲ ನಗುತ್ತಲೇ ಇರಬೇಕಷ್ಟೆ. ಈ ನಗುವಿನ ನಡುವೆ 1786-87ರಲ್ಲಿ ಅವನು ಬರೆದ ಒಂದು ಮಾದರಿ ಮಾತ್ರ ಬೇರೆಯಾಗಿದೆ. ಎತ್ತರವಾದ, ಅಗಲ ಕಡಿಮೆಯಾದ ಆ ಚಿತ್ರದಲ್ಲಿ ಸಾರುವೆಯಿಂದ ಬಿದ್ದು ಪೆಟ್ಟಾದ ಗಾರೆಯವನೊಬ್ಬನನ್ನು ಇಬ್ಬರು ಜೊತೆಗಾರರು ಕೈಗಳ ಮೇಲೆ ಹೊತ್ತು ನಡೆದಿದ್ದಾರೆ. ಹಿಂದೆ ಆ ಸಾರುವೆ ಮುಗಿಲಿಗೇರಿ ನಿಂತಿದೆ. ಇದೇ ವಿನ್ಯಾಸದ ಒಂದು ಚಿಕ್ಕ ಕರಡೂ ಉಳಿದುಬಂದಿದೆ. ಅದರಲ್ಲಿ ಹೊರುವವರು ಹಲ್ಲುಕಿರಿಯುತ್ತಿದ್ದಾರೆ, ಹೊರಿಸಿಕೊಂಡವನು ಕುಡಿದು ಜೋಲಿಹೊಡೆದಂತೆ ತೋರುತ್ತಾನೆ. ಒಂದೇ ನಿಲುವು, ಒಂದೇ ಕೈಕಾಲುಗಳ ಜೋಡಣೆ. ಮುಖಗಳಷ್ಟೇ ಬದಲಾದವು. ಬಡವನ ಬೀಳುವಿಕೆಯನ್ನು ಪ್ರಹಸನವಾಗಿಯೂ ಕಾಣಬಹುದು, ಪೆಟ್ಟಾಗಿಯೂ ಕಾಣಬಹುದು ಎಂಬ ಕವಲುದಾರಿಯಲ್ಲಿ ಕಲಾವಿದ ನಿಂತಿದ್ದನೆಂಬುದಕ್ಕೆ ಈ ಜೋಡಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಏರಿಕೆ ನಿಧಾನವಾದರೂ ನಿಲ್ಲಲಿಲ್ಲ. 1780ರಲ್ಲಿ ಅಕಾಡೆಮಿಯ ಸದಸ್ಯತ್ವ ದೊರೆಯಿತು. 1786ರಲ್ಲಿ ಅರಸನ ಚಿತ್ರಕಾರನೆಂಬ ಬಿರುದು, ನಾಲ್ಕನೆಯ ಕಾರ್ಲೋಸ್ ಪಟ್ಟಕ್ಕೆ ಬಂದ ಮೇಲೆ 1789ರಲ್ಲಿ ಆಸ್ಥಾನ ಚಿತ್ರಕಾರನ ಪದವಿ ಬಂದವು. ಈ ಏರಿಕೆಯ ನಡುವೆಯೇ, 1792ರ ಕೊನೆಯಲ್ಲಿ ದಕ್ಷಿಣದ ಆಂಡಲೂಸಿಯಾಕ್ಕೆ ಹೋಗಿದ್ದಾಗ, ಅವನಿಗೆ ಕಠಿಣವಾದ ಕಾಯಿಲೆ ತಗುಲಿತು. ಕಾಯಿಲೆ ಯಾವುದೆಂಬ ಬಗೆಗೆ ವೈದ್ಯರು ಇಂದಿಗೂ ತರ್ಕಿಸುತ್ತಾರೆ. ತಿಂಗಳುಗಟ್ಟಲೆ ಕಾಡಿಸ್ ಪಟ್ಟಣದ ಗೆಳೆಯನೊಬ್ಬನ ಮನೆಯಲ್ಲಿ ಮಲಗಿದ್ದು ಎದ್ದಾಗ ಕಿವಿಗಳು ಪೂರ್ತಿಯಾಗಿ ಹೋಗಿದ್ದವು. ನಲವತ್ತಾರು ವರ್ಷದ, ಸಂಗೀತ, ಬೇಟೆ, ಹರಟೆಗಳಲ್ಲಿ ಬೆಳೆದ ಮನುಷ್ಯ ಮುಂದಿನ ಮೂವತ್ತೈದು ವರ್ಷಗಳನ್ನು ಸದ್ದಿಲ್ಲದ ಲೋಕದಲ್ಲಿ ಕಳೆಯಬೇಕಾಯಿತು.

ಕಿವುಡುತನವೇ ಅವನ ಕಲೆಯನ್ನು ಆಳಗೊಳಿಸಿತೆಂದು ಹೇಳಿಬಿಡುವುದು ಸುಲಭ. ಅಂಗವೈಕಲ್ಯವನ್ನು ವರವೆಂದು ಕೊಂಡಾಡುವ ಈ ಬಗೆಯ ವಿಮರ್ಶೆಯಲ್ಲಿ ಸ್ವಲ್ಪ ಕ್ರೌರ್ಯವೂ ಇದೆ. ಆದರೆ ಕಾಯಿಲೆಯಿಂದೆದ್ದ ಕೂಡಲೆ ಅವನು ಕೈಗೊಂಡ ಕೆಲಸ ಯಾವುದೆಂಬುದನ್ನು ಗಮನಿಸಬೇಕು. ಯಾರ ಅಪ್ಪಣೆಯೂ ಇಲ್ಲದೆ, ತಗಡಿನ ಮೇಲೆ ಕೆಲವು ಸಣ್ಣ ತೈಲಚಿತ್ರಗಳನ್ನು ಬರೆದು 1794ರ ಜನವರಿಯಲ್ಲಿ ಅಕಾಡೆಮಿಗೆ ಕಳಿಸಿದ. ಕೂಲಿಗೆ ಬರೆದ ಚಿತ್ರಗಳಲ್ಲಿ ತನ್ನ ಕಂಡುಕೊಳ್ಳುವಿಕೆಗೆ ಎಡೆಯಿರುವುದಿಲ್ಲವೆಂದು ಜೊತೆಗೆ ಬರೆದು ತಿಳಿಸಿದ. ಕೆಲವೇ ದಿನಗಳ ಬಳಿಕ ಅದೇ ಗಾತ್ರದ ಮತ್ತೊಂದು ಚಿತ್ರ ಬಂತು. ಅದು ಹುಚ್ಚಾಸ್ಪತ್ರೆಯ ಅಂಗಳದ ಚಿತ್ರ. ಮೇಲೆ ಬೆಳಕು, ಕೆಳಗೆ ಎತ್ತರದ ಗೋಡೆಗಳ ನಡುವೆ ಬತ್ತಲಾದ ಇಬ್ಬರು ಹುಚ್ಚರು ಗುದ್ದಾಡುತ್ತಿದ್ದಾರೆ, ಕಾವಲುಗಾರ ಅವರನ್ನು ಬಡಿಯುತ್ತಿದ್ದಾನೆ. ಇಂಥ ನೋಟವನ್ನು ಸರಗೋಸಾದಲ್ಲಿ ಕಣ್ಣಾರೆ ಕಂಡುದಾಗಿ ಗೋಯಾ ತಿಳಿಸಿದ್ದಾನೆ. ಕಂಡದ್ದಕ್ಕೆ ಸಾಕ್ಷಿ ನುಡಿಯುವ ಹವಣು ಅವನ ಬದುಕಿನಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗುವುದು ಇಲ್ಲಿ.

1799 ಅವನ ಬದುಕಿನ ಎರಡು ಮುಖಗಳನ್ನು ಒಟ್ಟಿಗೆ ತೋರಿಸುವ ವರ್ಷ. ಫೆಬ್ರವರಿಯಲ್ಲಿ 80 ಅಚ್ಚುಚಿತ್ರಗಳ ‘ಕಪ್ರಿಚೋಸ್’ ಮಾಲೆಯನ್ನು ಮಾರಾಟಕ್ಕಿಟ್ಟ. ಮಾರಾಟವಾದದ್ದು ಪುಸ್ತಕದ ಅಂಗಡಿಯಲ್ಲಲ್ಲ, ಅವನ ಮನೆಯಿದ್ದ ಬೀದಿಯ ಸುಗಂಧದ್ರವ್ಯ ಮತ್ತು ಮದ್ಯದ ಅಂಗಡಿಯಲ್ಲಿ. ಆ ಬೀದಿಯ ಹೆಸರಿಗೆ ಭ್ರಮನಿರಸನವೆಂದು ಅರ್ಥ. ಹಣಕ್ಕೆ ಹುಡುಗಿಯರನ್ನು ಕಟ್ಟುವ ಮದುವೆಗಳು, ಕತ್ತೆ ವೈದ್ಯರು, ತಿಂದು ಕೊಬ್ಬಿದ ಸಂನ್ಯಾಸಿಗಳು, ಧರ್ಮವಿಚಾರಣೆಯ ಪೀಠದ ಮುಂದೆ ನಾಚಿಕೆಯ ಟೋಪಿ ತೊಟ್ಟು ಕುಳಿತ ಹೆಂಗಸು ಅದರಲ್ಲಿದ್ದರು. ಮಾಲೆ ಬೇಗನೆ ಅಂಗಡಿಯಿಂದ ಮರೆಯಾಯಿತು. 1803ರಲ್ಲಿ ಗೋಯಾ ಮೂಲ ಫಲಕಗಳನ್ನೂ ಮಾರಾಟವಾಗದೆ ಉಳಿದ 240 ಪ್ರತಿಗಳನ್ನೂ ಅರಸನಿಗೇ ಒಪ್ಪಿಸಿ, ಬದಲಿಗೆ ಮಗನಿಗೆ ವರ್ಷಾಶನ ಮಾಡಿಸಿಕೊಂಡ. ಧರ್ಮವಿಚಾರಣೆಯ ಕೈಗೆ ಸಿಗದಂತೆ ಅವುಗಳನ್ನು ಅರಸನ ನೆರಳಿಗೆ ಸರಿಸಿದ ಜಾಣ್ಮೆ ಇದರಲ್ಲಿದ್ದಂತೆ ಕಾಣುತ್ತದೆ. ಅದೇ 1799ರಲ್ಲಿ ಅವನು ಪ್ರಥಮ ಆಸ್ಥಾನ ಚಿತ್ರಕಾರನಾದ. ಸ್ಪೇನಿನಲ್ಲಿ ಚಿತ್ರಕಾರನೊಬ್ಬ ಏರಬಹುದಾದ ಕೊನೆಯ ಮೆಟ್ಟಿಲು ಅದು. ಅರಿಕೇಸರಿಯ ಆಶ್ರಯದಲ್ಲಿದ್ದುಕೊಂಡೇ ಕರ್ಣನಿಗಾಗಿ ಮಿಡಿದ ಪಂಪನನ್ನು ಬಲ್ಲ ಕನ್ನಡ ಓದುಗರಿಗೆ ಅನ್ನದ ಋಣ ಮತ್ತು ಕಣ್ಣಿನ ಋಣಗಳ ಈ ಎಳೆದಾಟ ಹೊಸದೆನಿಸಲಾರದು.

ಒಡೆಯರೇ ಬದಲಾಗತೊಡಗಿದಾಗ ಈ ಎಳೆದಾಟ ಪರೀಕ್ಷೆಗೊಳಗಾಯಿತು. 1808ರ ಮಾರ್ಚಿಯಲ್ಲಿ ಅರಮನೆಯ ದಂಗೆಯಿಂದಾಗಿ ನಾಲ್ಕನೆಯ ಕಾರ್ಲೋಸ್ ಮಗ ಏಳನೆಯ ಫೆರ್ನಾಂಡೊನಿಗೆ ಪಟ್ಟ ಬಿಟ್ಟುಕೊಟ್ಟ. ತಂದೆಮಕ್ಕಳಿಬ್ಬರನ್ನೂ ನೆಪೋಲಿಯನ್ ಬಯೋನ್ ಪಟ್ಟಣಕ್ಕೆ ಕರೆಸಿ, ಕಿರೀಟವನ್ನು ಕಿತ್ತು, ತನ್ನಣ್ಣ ಜೋಸೆಫನ ತಲೆಗಿಟ್ಟ. ಅದಕ್ಕೆ ಮೊದಲೇ ಫ್ರೆಂಚ್ ಸೇನೆ ಮಾಡ್ರಿಡ್ಡಿನೊಳಗಿತ್ತು. ಮೇ 2ರಂದು ಊರಿನ ಜನ ಚೂರಿ, ಕತ್ತರಿ, ಕಲ್ಲು ಹಿಡಿದು ಅದರ ಮೇಲೆ ಬಿದ್ದರು. ಆ ರಾತ್ರಿಯಿಂದ ಮೇ 3ರ ನಸುಕಿನವರೆಗೆ ಸಿಕ್ಕಸಿಕ್ಕವರನ್ನು ಪ್ರಿನ್ಸಿಪೆ ಪಿಯೊ ಗುಡ್ಡದ ಬಳಿಯೂ ಇತರೆಡೆಗಳಲ್ಲಿಯೂ ಸಾಲಾಗಿ ನಿಲ್ಲಿಸಿ ಗುಂಡಿಕ್ಕಲಾಯಿತು. ಗೋಯಾ ತನ್ನ ಕಿಟಕಿಯಿಂದ ದುರ್ಬೀನು ಹಿಡಿದು ಇದನ್ನು ನೋಡಿದನೆಂಬುದು ಎಷ್ಟೋ ಕಾಲದ ಮೇಲೆ ಹುಟ್ಟಿಕೊಂಡ ಕತೆ. ಅದನ್ನು ನಂಬಬೇಕಾದ ಅಗತ್ಯವಿಲ್ಲ.

ಅವನು ಕಂಡುದು ಬೇರೆಡೆ. ಆ ಬೇಸಗೆಯಲ್ಲಿ ಸರಗೋಸಾ ಪಟ್ಟಣ ಫ್ರೆಂಚರ ಮುತ್ತಿಗೆಯನ್ನು ತಡೆದು ನಿಂತಿತ್ತು. ಪಟ್ಟಣವನ್ನು ಕಾದ ದಂಡನಾಯಕ ಪಲಾಫೊಕ್ಸ್, ಹಾಳಾದ ಊರನ್ನು ನೋಡಿ ಚಿತ್ರಿಸಬೇಕೆಂದು ಗೋಯಾನನ್ನು ಕರೆಸಿಕೊಂಡ. ಅರವತ್ತೆರಡರ ಕಿವುಡ ಮುದುಕ ಅಕ್ಟೋಬರಿನಲ್ಲಿ ಹೊರಟು, ಯುದ್ಧ ತುಳಿದುಹೋದ ಹಾದಿಯಲ್ಲಿ ತಾನು ಬೆಳೆದ ಊರಿಗೆ ಹೋದ. ಕುಸಿದ ಮನೆಗಳು ಅವನಿಗೆ ಗುರುತಿನ ಮನೆಗಳಾಗಿದ್ದವು ಎಂಬುದನ್ನು ನೆನಪಿನಲ್ಲಿಡಬೇಕು.

ಮಾಡ್ರಿಡ್ಡಿಗೆ ಮರಳಿದ ಮೇಲೆ ಅವನು ಮಾಡಿದ್ದೇನು? ಜೋಸೆಫ್ ಬೋನಾಪಾರ್ಟನಿಗೆ ನಿಷ್ಠೆಯ ಪ್ರಮಾಣ ಮಾಡಿದ. 1810ರಲ್ಲಿ ನಗರಸಭೆಯ ಬೇಡಿಕೆಯಂತೆ ಮಾಡ್ರಿಡ್ ನಗರದೇವತೆ ಜೋಸೆಫನ ಮುಖದ ಪದಕವನ್ನು ತೋರಿಸುತ್ತಿರುವ ದೊಡ್ಡ ಚಿತ್ರ ಬರೆದುಕೊಟ್ಟ. 1811ರಲ್ಲಿ ಹೊಸ ಅರಸನಿಂದ ಗೌರವಪದಕವನ್ನೂ ಪಡೆದ. ಆ ನಗರದೇವತೆಯ ಚಿತ್ರದ ಪಾಡು ಸ್ಪೇನಿನ ಚರಿತ್ರೆಯ ಸಂಕ್ಷಿಪ್ತ ಪಾಠದಂತಿದೆ. 1812ರಲ್ಲಿ ಜೋಸೆಫ್ ಊರುಬಿಟ್ಟಾಗ ಅವನ ಮುಖವನ್ನು ಅಳಿಸಿ ಅಲ್ಲಿ ಸಂವಿಧಾನವೆಂಬ ಪದವನ್ನು ಬರೆಯಲಾಯಿತು. ಅವನು ತಿರುಗಿ ಬಂದಾಗ ಮುಖ ತಿರುಗಿ ಬಂತು. ಮತ್ತೆ ಹೋದಾಗ ಪದ ಮತ್ತೆ ಬಂತು. ಆಮೇಲೆ ಫೆರ್ನಾಂಡೊನ ಮುಖ ಬಂತು. ಕಡೆಗೆ 1872ರಲ್ಲಿ, ಗೋಯಾ ಸತ್ತು ನಲವತ್ತನಾಲ್ಕು ವರ್ಷಗಳಾದ ಮೇಲೆ, ಮೇ 2ರ ನೆನಪಿನ ಅಕ್ಷರಗಳು ಅಲ್ಲಿ ನಿಂತವು. ಪದಕವನ್ನು ಹಿಡಿದ ದೇವತೆಗಳು ಮಾತ್ರ ಅವರೇ.

1812ರ ಆಗಸ್ಟಿನಲ್ಲಿ ಮಾಡ್ರಿಡ್ಡನ್ನು ಹೊಕ್ಕ ಇಂಗ್ಲಿಷ್ ಸೇನಾನಿ ವೆಲಿಂಗ್ಟನ್ನನ ಭಾವಚಿತ್ರವನ್ನೂ ಗೋಯಾನೇ ಬರೆದ. ಕನ್ನಡನಾಡಿಗೆ ಈ ಸೇನಾನಿ ಅಪರಿಚಿತನೇನಲ್ಲ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡು, ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದ ಆರ್ಥರ್ ವೆಲ್ಲೆಸ್ಲಿಯೇ ಈತ. ಅವನ ಚಿತ್ರಗಳನ್ನು ನೋಡುವಾಗ ಒಂದು ಅಂಶ ಮನಸ್ಸನ್ನು ಹಿಡಿಯುತ್ತದೆ. ಗೆದ್ದ ಸೇನಾನಿಯ ಕಣ್ಣುಗಳು ದಣಿದು ಅಗಲವಾಗಿ ತೆರೆದುಕೊಂಡಿವೆ, ಗೆಲುವು ಅವುಗಳಲ್ಲಿಲ್ಲ.

ಹೀಗೆ ಹಗಲಿನಲ್ಲಿ ಬಂದಬಂದ ಒಡೆಯರ ಮುಖ ಬರೆಯುತ್ತಿದ್ದವನು, ಯಾರಿಗೂ ಹೇಳದೆ, ಸುಮಾರು 1810ರಿಂದ ತಾಮ್ರದ ತಗಡುಗಳನ್ನು ಕೊರೆಯಲು ಕುಳಿತ. ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಅದರ ಮೇಲೆ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದೆಡೆಯಲ್ಲೆಲ್ಲ ಲೋಹ ಸವೆದು ಗೆರೆ ಬೀಳುತ್ತದೆ. ರಾಳದ ಪುಡಿಯನ್ನು ಉದುರಿಸಿ ಕಾಯಿಸಿದರೆ ನಸುಗತ್ತಲೆಯಂಥ ಛಾಯೆಯೂ ಬರುತ್ತದೆ. ಯುದ್ಧಕಾಲದಲ್ಲಿ ಒಳ್ಳೆಯ ತಾಮ್ರ ಸಿಗುತ್ತಿರಲಿಲ್ಲ. ತಾನು ಹಿಂದೆ ಕೊರೆದಿದ್ದ ಭೂದೃಶ್ಯಗಳ ಫಲಕಗಳನ್ನು ಎರಡಾಗಿ ಕತ್ತರಿಸಿ, ಅವುಗಳ ಬೆನ್ನಿನ ಮೇಲೆ ಯುದ್ಧವನ್ನು ಕೊರೆದ. ಬಂಡೆ, ಮರ, ಜಲಪಾತಗಳ ಹಿಂಬದಿಯಲ್ಲಿ ಹೆಣಗಳು ಮೂಡಿದವು. ಇದು ರೂಪಕವಲ್ಲ, ಆ ಫಲಕಗಳನ್ನು ತಿರುಗಿಸಿ ನೋಡಿದರೆ ಕಾಣುವ ಸಂಗತಿ.

ಯುರೋಪಿನಲ್ಲಿ ಅದುವರೆಗೆ ಯುದ್ಧಚಿತ್ರವೆಂದರೆ ಸೇನಾಪತಿಯ ಚಿತ್ರ. ಮುಂದೆ ಕುದುರೆಯ ಮೇಲೆ ನಾಯಕ, ದೂರದಲ್ಲಿ ಹೊಗೆ, ಅಂಚಿನಲ್ಲಿ ಬಿದ್ದ ಒಂದೆರಡು ದೇಹಗಳು ಇರುತ್ತಿದ್ದವು. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ಕಲಾವಿದ ಜಾಕ್ ಕಲೊ ಯುದ್ಧದ ಸಂಕಟಗಳ ಅಚ್ಚುಚಿತ್ರಗಳನ್ನು ಮಾಡಿದ್ದುಂಟು. ಆದರೆ ಅಲ್ಲಿ ಮನುಷ್ಯರು ಇರುವೆಗಳಷ್ಟು ಚಿಕ್ಕವರು. ಗೋಯಾ ನಾಯಕನನ್ನು ತೆಗೆದುಹಾಕಿದ, ದೂರವನ್ನೂ ತೆಗೆದುಹಾಕಿದ. ಎರಡನೆಯ ಫಲಕದಲ್ಲಿ ಫ್ರೆಂಚ್ ಸೈನಿಕರ ಬಂದೂಕುಗಳ ಎದುರು ಚೂರಿ, ಈಟಿ ಹಿಡಿದ ಹಳ್ಳಿಗರಿದ್ದಾರೆ. ಮೂರನೆಯದರಲ್ಲಿ ಹಳ್ಳಿಗನೇ ಸೈನಿಕನ ಮೇಲೆ ಕೊಡಲಿಯೆತ್ತಿದ್ದಾನೆ. ಎರಡನೆಯದಕ್ಕೆ ಕಾರಣವಿದ್ದೋ ಇಲ್ಲದೆಯೋ ಎಂಬರ್ಥದ ಒಕ್ಕಣೆ, ಮೂರನೆಯದಕ್ಕೆ ಅದೇ ಎಂಬ ಒಂದೇ ಮಾತು. ಅತ್ಯಾಚಾರಕ್ಕೆ ಸಿಕ್ಕ ಹೆಣ್ಣುಗಳ ಸರಣಿಯಿದೆ. ಒಂದರಲ್ಲಿ ಸೈನಿಕನ ಬೆನ್ನ ಹಿಂದೆ ಮುದುಕಿಯೊಬ್ಬಳು ಕಠಾರಿ ಎತ್ತಿ ಬರುತ್ತಿದ್ದಾಳೆ. ಮತ್ತೊಂದರಲ್ಲಿ ಊರಿನ ಜನವೇ ಒಬ್ಬನನ್ನು ನೆಲದಲ್ಲಿ ಎಳೆದು ಬಡಿಯುತ್ತಿದ್ದಾರೆ. ಆ ಫಲಕಕ್ಕೆ ಅವನಿಟ್ಟ ಹೆಸರು ಪುಂಡುಗುಂಪನ್ನು ಹಳಿಯುವ ಒಂದೇ ಪದ. ಫ್ರೆಂಚನೊಬ್ಬನನ್ನು ಸ್ಪೇನಿಗ ಸಿಗಿದರೂ ಸ್ಪೇನಿಗನನ್ನು ಫ್ರೆಂಚನು ನೇತುಹಾಕಿದರೂ ಗೋಯಾನ ಸೂಜಿ ಹೋಗುವುದು ಸಿಗಿಸಿಕೊಂಡ ದೇಹದ ಕಡೆಗೇ. ದೇಶಭಕ್ತಿಯ ಚಿತ್ರಗಳಿಗಾಗಿ ಇಲ್ಲಿ ಹುಡುಕಿದವರಿಗೆ ಸಿಗುವುದು ಸರಗೋಸಾದ ವೀರವನಿತೆ ಅಗುಸ್ತೀನಾ ತೋಪಿಗೆ ಕಿಚ್ಚಿಡುತ್ತಿರುವ ಒಂದು ಫಲಕ. ಅದರಲ್ಲಿಯೂ ಅವಳ ಮುಖ ಕಾಣುವುದಿಲ್ಲ.

ಇಪ್ಪತ್ತಾರನೆಯ ಫಲಕ ರಚನೆಯ ದೃಷ್ಟಿಯಿಂದ ಬೆರಗು ಹುಟ್ಟಿಸುವಂಥದು. ಒಂದು ಗುಹೆಯಂಥ ಕತ್ತಲೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಬೇಡುತ್ತಿದ್ದಾರೆ. ಬಲ ಅಂಚಿನಿಂದ ಬಂದೂಕುಗಳ ಮೊನೆಗಳಷ್ಟೇ ಒಳಗೆ ಚಾಚಿವೆ. ಕೊಲ್ಲುವವರು ಚಿತ್ರದಲ್ಲಿಯೇ ಇಲ್ಲ. ಇದನ್ನು ನೋಡಲಾಗದೆಂಬುದು ಅದರ ಒಕ್ಕಣೆ. ನೋಡಲಾಗದೆಂದು ಬರೆದವನೇ ನೋಡುವಂತೆ ಮಾಡಿದ್ದಾನೆ. ತಾನು ಕಂಡೆನೆಂದು ಆಣೆಯಿಟ್ಟಂತೆ ಹೇಳುವುದು ನಲವತ್ತನಾಲ್ಕನೆಯ ಫಲಕದಲ್ಲಿ. ಅಲ್ಲಿ ಕೊಲೆಯಿಲ್ಲ, ರಕ್ತವಿಲ್ಲ. ಊರು ಬಿಟ್ಟು ಓಡುತ್ತಿರುವ ಜನ, ಹಿಂತಿರುಗಿ ಮಗುವನ್ನು ಎಳೆದುಕೊಳ್ಳುತ್ತಿರುವ ತಾಯಿ, ಅಷ್ಟೆ. ಉಳಿದ ಫಲಕಗಳಲ್ಲಿ ಕೇಳಿ ತಿಳಿದದ್ದು, ಊಹಿಸಿದ್ದು ಎಷ್ಟೆಂಬುದನ್ನು ಬಿಡಿಸಿ ಹೇಳುವಂತಿಲ್ಲ. ಕಿವುಡನೊಬ್ಬ ಇತರರ ಮಾತನ್ನು ಕೈಸನ್ನೆ, ತುಟಿಯ ಚಲನೆ, ಬರೆಹಗಳಿಂದ ಮಾತ್ರ ಪಡೆಯಬಲ್ಲವನಾಗಿದ್ದ. ಆ ಚಿತ್ರಗಳ ಜನರೆಲ್ಲ ಬಾಯಿ ತೆರೆದು ಕೂಗುತ್ತಿರುವುದು, ಆ ಕೂಗು ಬರೆದವನಿಗೆ ಕೇಳದಿದ್ದುದು, ಎರಡೂ ನಿಜ.

1811-12ರಲ್ಲಿ ಮಾಡ್ರಿಡ್ಡಿಗೆ ಕ್ಷಾಮ ಬಡಿಯಿತು. ಹೊಲಗಳು ಪಾಳುಬಿದ್ದಿದ್ದವು, ಇದ್ದ ಧಾನ್ಯ ಸೇನೆಗಳ ಪಾಲಾಗಿತ್ತು. ಸುಮಾರು 20 ಸಾವಿರ ಜನ ಸತ್ತರೆಂದು ಚರಿತ್ರಕಾರರ ಅಂದಾಜು. ಇದನ್ನು ಗೋಯಾ ಕೇಳಿ ತಿಳಿಯಬೇಕಾಗಿರಲಿಲ್ಲ. ಬಾಗಿಲು ತೆರೆದರೆ ಬೀದಿಯಲ್ಲಿತ್ತು. ಹೊಸೆಫಾ ತೀರಿಕೊಂಡದ್ದೂ 1812ರಲ್ಲಿಯೇ. ಕ್ಷಾಮಕ್ಕೆ ಸಂಬಂಧಿಸಿದ ಹದಿನೇಳು ಫಲಕಗಳಲ್ಲಿ ಹಿಂಸೆಯ ಆವೇಗ ಇಳಿದು, ಗೆರೆ ತಣ್ಣಗಾಗುತ್ತದೆ. ನೆಲದಲ್ಲಿ ಕುಸಿದವರಿಗೆ ಹೆಂಗಸೊಬ್ಬಳು ಒಂದು ಬಟ್ಟಲನ್ನು ಹಿಡಿದಿದ್ದಾಳೆ, ಒಂದು ಬಟ್ಟಲಿನಿಂದ ಏನಾದೀತೆಂದು ಕೆಳಗಿನ ಒಕ್ಕಣೆ ಕೇಳುತ್ತದೆ. ಸತ್ತ ತರುಣಿಯ ದೇಹವನ್ನು ಮಸಣಕ್ಕೆ ಹೋಗುವ ಬಂಡಿಗೆ ಎತ್ತಲಾಗುತ್ತಿದೆ. ಎಲ್ಲಕ್ಕಿಂತ ಚುಚ್ಚುವುದು ಅರವತ್ತೊಂದನೆಯ ಫಲಕ. ಹಸಿದು ಎಲುಬಾದವರ ಪಕ್ಕದಲ್ಲಿಯೇ ಚೆನ್ನಾಗಿ ಉಂಡುಟ್ಟವರು ನಿಂತಿದ್ದಾರೆ. ಅವರು ಬೇರೆ ಕುಲದವರೆಂಬುದು ಒಕ್ಕಣೆ. ಕ್ಷಾಮವು ಮಳೆಯ ಕೊರತೆಯಷ್ಟೇ ಅಲ್ಲ, ಕುಲದ ಪ್ರಶ್ನೆಯೂ ಹೌದೆಂಬುದನ್ನು ಸ್ಪೇನಿನ ಈ ಚಿತ್ರಕಾರ ಎರಡು ನೂರು ವರ್ಷಗಳ ಹಿಂದೆ ಗುರುತಿಸಿದ್ದ.

ಫ್ರೆಂಚರು ಸೋತು ಹೊರಟ ಮೇಲೆ, 1814ರ ಫೆಬ್ರವರಿಯಲ್ಲಿ, ಗೋಯಾ ತಾತ್ಕಾಲಿಕ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ. ಜನರ ಪರಾಕ್ರಮವನ್ನು ಕುಂಚದಿಂದ ಶಾಶ್ವತಗೊಳಿಸುವ ಆಸೆಯನ್ನೂ ತನ್ನ ಹಣದ ಅಡಚಣೆಯನ್ನೂ ಒಟ್ಟಿಗೆ ಅರಿಕೆಮಾಡಿಕೊಂಡ. ಜೋಸೆಫನ ಪದಕ ಪಡೆದವನು ಈಗ ಮೇ 2ರ ವೀರರನ್ನು ಬರೆಯಲು ಮುಂದಾದದ್ದರಲ್ಲಿ ತನ್ನನ್ನು ತೊಳೆದುಕೊಳ್ಳುವ ಉದ್ದೇಶವಿರಲಿಲ್ಲವೆಂದು ವಾದಿಸುವುದು ಕಷ್ಟ. ಅವನನ್ನು ವಂಚಕನೆಂದು ತಳ್ಳಿಹಾಕುವವರೂ, ದೇಶಪ್ರೇಮಿಯೆಂದು ಎತ್ತಿಹಿಡಿಯುವವರೂ ಇಲ್ಲಿಯೇ ಎಡವುತ್ತಾರೆ. ಅರ್ಜಿಯ ಹಿಂದಿನ ಕಾರಣ ಏನೇ ಇರಲಿ, ಅರ್ಜಿಯಿಂದ ಹುಟ್ಟಿದ ಚಿತ್ರ ಅರ್ಜಿಯ ಮಾತಿಗೆ ವಿಧೇಯವಾಗಲಿಲ್ಲ.

ಸುಮಾರು ಎರಡೂ ಮುಕ್ಕಾಲು ಮೀಟರು ಎತ್ತರ, ಮೂರೂವರೆ ಮೀಟರು ಅಗಲದ ‘1808ರ ಮೇ 3’ ಎಂಬ ಆ ಚಿತ್ರ ಇಂದು ಮಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿದೆ. ರಾತ್ರಿ. ನೆಲದ ಮೇಲೆ ಚೌಕವಾದ ಒಂದು ದೊಡ್ಡ ಲಾಂದ್ರ. ಬಲಗಡೆ ಸೈನಿಕರ ಸಾಲು, ನೋಡುಗರಿಗೆ ಕಾಣುವುದು ಅವರ ಬೆನ್ನುಗಳು, ಚೀಲಗಳು, ಒಂದೇ ಯಂತ್ರದ ಹಲ್ಲುಗಳಂತೆ ಚಾಚಿದ ಬಂದೂಕುಗಳು. ಎಡಗಡೆ ಬಿಳಿಯ ಅಂಗಿಯ, ಹಳದಿ ಷರಾಯಿಯ ಕೂಲಿಯವನೊಬ್ಬ ಎರಡೂ ತೋಳುಗಳನ್ನು ಚಾಚಿ ಮೊಣಕಾಲ ಮೇಲಿದ್ದಾನೆ. ಎದ್ದುನಿಂತರೆ ಉಳಿದವರೆಲ್ಲರಿಗಿಂತ ಎತ್ತರವಾಗಬಹುದಾದವನು. ಅವನ ಬಲ ಅಂಗೈಯಲ್ಲಿ ಮೊಳೆಯ ಗಾಯದಂಥ ಗುರುತಿದೆ. ಶಿಲುಬೆಯನ್ನು ನೆನಪಿಸುವ ನಿಲುವು, ಆದರೆ ಮುಖದಲ್ಲಿ ದೈವಿಕ ಶಾಂತಿಯಿಲ್ಲ, ಸಾವಿನ ಭಯವಿದೆ. ಪಕ್ಕದಲ್ಲಿ ಒಬ್ಬ ಸಂನ್ಯಾಸಿ ಕೈಗಳನ್ನು ಬಿಗಿಯಾಗಿ ಹೆಣೆದಿದ್ದಾನೆ, ಇನ್ನೊಬ್ಬ ಕಣ್ಣು ಮುಚ್ಚಿಕೊಂಡಿದ್ದಾನೆ. ಮುಂದೆ ಈಗಾಗಲೇ ಸತ್ತವನು ಕವುಚಿ ಬಿದ್ದಿದ್ದಾನೆ, ರಕ್ತವನ್ನು ಬಣ್ಣದ ದಪ್ಪ ಲೇಪದಿಂದ ಒರೆಸಿದಂತೆ ಬರೆಯಲಾಗಿದೆ. ಹಿಂದಿನಿಂದ ಸರದಿಗಾಗಿ ಗುಡ್ಡವೇರಿ ಬರುತ್ತಿರುವವರ ಸಾಲಿಗೆ ಕೊನೆಯಿಲ್ಲ. ಸರ್ಕಾರ ಕೇಳಿದ್ದು ಪರಾಕ್ರಮ. ಗೋಯಾ ಬರೆದುಕೊಟ್ಟದ್ದು ನಿರಾಯುಧನ ಭಯ. ಚಿತ್ರಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಗ್ರಾಣದಲ್ಲಿದ್ದವು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಪಟ್ಟಕ್ಕೆ ಮರಳಿದ ಫೆರ್ನಾಂಡೊ 1812ರ ಸಂವಿಧಾನವನ್ನು ರದ್ದುಮಾಡಿದ, ಧರ್ಮವಿಚಾರಣೆಯ ಪೀಠವನ್ನು ಮತ್ತೆ ಸ್ಥಾಪಿಸಿದ. ಫ್ರೆಂಚರೊಡನೆ ಸೇರಿದವರ ಶೋಧನೆಗೆ ನೇಮಕವಾದ ಮಂಡಳಿ ಗೋಯಾನನ್ನು ನಿರ್ದೋಷಿಯೆಂದು ಬಿಟ್ಟಿತು. ನಗ್ನ ಸ್ತ್ರೀಯ ಚಿತ್ರವೊಂದಕ್ಕಾಗಿ ಧರ್ಮವಿಚಾರಕರು ಅವನನ್ನು ಕೇಳಿಸಿಕೊಳ್ಳಲು ಮುಂದಾದರು, ಅದೂ ಹೇಗೋ ತಪ್ಪಿತು. ಸಂಬಳ ಉಳಿಯಿತು. ಗೆಳೆಯರು ಹಲವರು ಸೆರೆಮನೆಗೆ, ಇಲ್ಲವೆ ಹೊರದೇಶಕ್ಕೆ ಹೋದರು. ಈ ವರ್ಷಗಳ ಚಿತ್ರಪುಸ್ತಕವೊಂದರಲ್ಲಿ ಧರ್ಮವಿಚಾರಣೆಗೆ ಸಿಕ್ಕವರ ರೇಖಾಚಿತ್ರಗಳಿವೆ. ಒಂದೊಂದರ ಕೆಳಗೂ ಅವರ ಅಪರಾಧವನ್ನು ಗೋಯಾ ಚುಟುಕಾಗಿ ಬರೆದಿಟ್ಟ. ಒಬ್ಬನ ತಪ್ಪು ಬೇರೆಡೆ ಹುಟ್ಟಿದ್ದು, ಒಬ್ಬನದು ಯೆಹೂದಿ ಮೂಲ, ಒಬ್ಬನದು ನಾಲಗೆಯನ್ನು ಬೇರೆ ಬಗೆಯಲ್ಲಿ ಆಡಿಸಿದ್ದು, ಒಬ್ಬಳದು ಮನಮೆಚ್ಚಿದವನನ್ನು ಮದುವೆಯಾದದ್ದು. ಕಾಲಿಲ್ಲದವನೊಬ್ಬನ ತಪ್ಪು ಕಾಲಿಲ್ಲದಿರುವುದು. ವಚನಕಾರರ ನೆನಪುಳ್ಳ ಭಾಷೆಯವರಿಗೆ ಈ ಒಕ್ಕಣೆಗಳ ಮೊನಚು ತಟ್ಟನೆ ತಿಳಿಯುತ್ತದೆ.

1819ರಲ್ಲಿ ಮಾಡ್ರಿಡ್ಡಿನ ಹೊರಗೆ ಮಾನ್ಸನಾರೆಸ್ ಹೊಳೆಯಾಚೆ ಒಂದು ತೋಟದ ಮನೆಯನ್ನು ಕೊಂಡ. ಕಿವುಡನ ಮನೆಯೆಂಬ ಅದರ ಹೆಸರು ಇವನಿಂದ ಬಂದದ್ದಲ್ಲ, ಹಿಂದಿನ ಕಿವುಡನೊಬ್ಬನಿಂದ ಬಂದಿತ್ತು. ಆ ವರ್ಷದ ಕೊನೆಗೆ ಮತ್ತೆ ಸಾವಿನಂಚಿಗೆ ಹೋಗಿಬಂದ. ಬದುಕಿಸಿದ ವೈದ್ಯ ಅರ್ರಿಯೇತಾನಿಗೆ ಕೃತಜ್ಞತೆಯಾಗಿ ಬರೆದ ಚಿತ್ರದಲ್ಲಿ ಜೋತುಬಿದ್ದ ಮುದಿ ರೋಗಿ ತಾನೇ. ವೈದ್ಯ ಬೆನ್ನಿಗೆ ಕೈಕೊಟ್ಟು ಬಾಯಿಗೆ ಔಷಧಿಯ ಲೋಟ ಹಿಡಿದಿದ್ದಾನೆ. ಅರಸರಿಗೆ ಸಲ್ಲಿಸಿದ ಯಾವ ಕಾಣಿಕೆಯಲ್ಲಿಯೂ ಇಲ್ಲದ ಪ್ರೀತಿ ಆ ಒಂದು ಕೈಯಲ್ಲಿದೆ. ಅನಂತರ, ಆ ಮನೆಯ ಗೋಡೆಗಳ ಮೇಲೆ ನೇರವಾಗಿ ಹದಿನಾಲ್ಕು ಕಪ್ಪು ಚಿತ್ರಗಳನ್ನು ಬರೆದ. ತನ್ನ ಸಂತಾನವನ್ನೇ ತಿನ್ನುತ್ತಿರುವ ಸ್ಯಾಟರ್ನ್ ದೇವತೆ, ಮೊಣಕಾಲವರೆಗೆ ನೆಲದಲ್ಲಿ ಹೂತು ದೊಣ್ಣೆಗಳಿಂದ ಬಡಿದಾಡುವ ಇಬ್ಬರು, ಇಳಿಜಾರಿನ ಆಚೆಯಿಂದ ತಲೆಯಷ್ಟೇ ತೋರುವ ನಾಯಿ ಅವುಗಳಲ್ಲಿವೆ. ಅವಕ್ಕೆ ಅವನು ಹೆಸರಿಡಲಿಲ್ಲ, ಯಾರಿಗೂ ತೋರಿಸಲು ಬರೆದುದಲ್ಲ. 1874ರ ಬಳಿಕ ಅವುಗಳನ್ನು ಗೋಡೆಯಿಂದ ಕಿತ್ತು ಕ್ಯಾನ್ವಾಸಿಗೆ ಅಂಟಿಸುವಾಗ ಬಹಳಷ್ಟು ನಷ್ಟವಾಯಿತು. ಇಂದು ಪ್ರಾಡೊದಲ್ಲಿ ನೋಡುವುದು ಅಳಿದುಳಿದದ್ದು.

1820ರಲ್ಲಿ ಉದಾರವಾದಿಗಳ ದಂಗೆಯಿಂದ ಸಂವಿಧಾನ ಮರಳಿತು, 1823ರಲ್ಲಿ ಫ್ರೆಂಚ್ ಸೇನೆಯ ನೆರವಿನಿಂದಲೇ ಫೆರ್ನಾಂಡೊ ಅದನ್ನು ಮತ್ತೆ ಹೊಸಕಿದ. ಗೋಯಾ ತೋಟದ ಮನೆಯನ್ನು ಮೊಮ್ಮಗನ ಹೆಸರಿಗೆ ಬರೆದು, ಕೆಲವು ಕಾಲ ಪಾದ್ರಿಯೊಬ್ಬನ ಮನೆಯಲ್ಲಿ ಅಡಗಿದ್ದ. 1824ರಲ್ಲಿ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆಯೆಂಬ ನೆಪದಿಂದ ರಜೆ ಕೇಳಿ ಫ್ರಾನ್ಸಿನ ಬೋರ್ಡೊಗೆ ಹೋದ. ರಜೆಯನ್ನೂ ಸಂಬಳವನ್ನೂ ಬಿಡದೆ ಕೇಳಿಕೊಳ್ಳುತ್ತಲೇ ಇದ್ದ. ಎಪ್ಪತ್ತೊಂಬತ್ತರಲ್ಲಿ ಕಲ್ಲಚ್ಚಿನ ಹೊಸ ವಿದ್ಯೆಯಲ್ಲಿ ಗೂಳಿಕಾಳಗದ ನಾಲ್ಕು ಚಿತ್ರಗಳನ್ನು ಮಾಡಿದ. ಎರಡು ಊರುಗೋಲುಗಳ ಮೇಲೆ ನಡೆಯುವ ಗಡ್ಡದ ಮುದುಕನ ಒಂದು ರೇಖಾಚಿತ್ರಕ್ಕೆ, ತಾನಿನ್ನೂ ಕಲಿಯುತ್ತಿರುವೆನೆಂಬ ಅರ್ಥದ ಹೆಸರು ಕೊಟ್ಟ. 1828ರ ಏಪ್ರಿಲ್ 16ರಂದು ಎಂಬತ್ತೆರಡರ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡ. 1888ರಲ್ಲಿ ಗೋರಿಯನ್ನು ತೆರೆದಾಗ ತಲೆಬುರುಡೆ ಇರಲಿಲ್ಲ. ಉಳಿದ ಮೂಳೆಗಳು 1919ರಿಂದ ಮಾಡ್ರಿಡ್ಡಿನ ಸಾನ್ ಅಂತೋನಿಯೊ ಚರ್ಚಿನಲ್ಲಿ, 1798ರಲ್ಲಿ ಅವನೇ ಬರೆದ ಗುಮ್ಮಟದ ಕೆಳಗಿವೆ.

ಊರು ಬಿಡುವಾಗ ಯುದ್ಧದ ಫಲಕಗಳನ್ನು ಅವನು ಒಯ್ಯಲಿಲ್ಲ. ಅವುಗಳ ಪೂರ್ಣ ಮಾಲೆಯ ಒಂದು ಪ್ರತಿಯನ್ನು ಒಕ್ಕಣೆಗಳೊಡನೆ ಕಲಾವಿಮರ್ಶಕ ಗೆಳೆಯ ಸೆಯಾನ್ ಬೆರ್ಮೂದೆಸನಿಗೆ ಕೊಟ್ಟಿದ್ದ, ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1854ರಲ್ಲಿ ಹವಿಯೆರ್ ತೀರಿಕೊಂಡ ಮೇಲೆ 80 ಫಲಕಗಳು ಅಕಾಡೆಮಿಯ ಕೈಸೇರಿದವು. ಎಪ್ಪತ್ತೊಂಬತ್ತನೆಯದರಲ್ಲಿ ಸತ್ಯವೆಂಬ ಹೆಣ್ಣು ಸತ್ತು ಬಿದ್ದಿದ್ದಾಳೆ, ಸುತ್ತ ಪಾದ್ರಿಗಳು ಅವಳನ್ನು ಹೂಳಲು ನಿಂತಿದ್ದಾರೆ. ಎಂಬತ್ತನೆಯದರಲ್ಲಿ ಅವಳ ಮೈಯಿಂದ ಮಂದವಾದ ಬೆಳಕು ಹೊಮ್ಮುತ್ತಿದೆ, ಅವಳು ಮತ್ತೆ ಏಳುವಳೇ ಎಂದು ಒಕ್ಕಣೆ ಕೇಳುತ್ತದೆ. 1863ರ ಸಂಪುಟ ಆ ಪ್ರಶ್ನೆಗೇ ನಿಂತಿತು. ಆದರೆ ಗೋಯಾನ ಎಣಿಕೆಯಲ್ಲಿ ಇನ್ನೆರಡು ಫಲಕಗಳಿದ್ದವು. ಅವು ಅಕಾಡೆಮಿಗೆ ಬಂದುದು 1870ರಲ್ಲಿ. ಒಂದರಲ್ಲಿ ಮನುಷ್ಯರ ದೇಹಗಳಿಂದ ಬಾಯಿ ತುಂಬಿದ ಮೃಗ. ಇನ್ನೊಂದು, ಅಂದರೆ ಎಂಬತ್ತೆರಡನೆಯದು, ಗುದ್ದಲಿ ಹಿಡಿದ ಗಡ್ಡದ ಮುದಿ ರೈತನದು. ಹಿಂದೆ ಬೆಳಕಿನ ಕಿರಣಗಳು, ಬಳಿಯಲ್ಲಿ ಒಂದು ಕುರಿ, ಬುಟ್ಟಿ, ತೆನೆಯ ಕಟ್ಟು. ಹೊಳೆಯುವ ಹೆಣ್ಣೊಬ್ಬಳು ಅವನ ಹೆಗಲ ಮೇಲೆ ಕೈಯಿಟ್ಟು ಏನನ್ನೋ ತೋರಿಸುತ್ತಿದ್ದಾಳೆ. ಅದನ್ನು ನಿಜವೆಂದು ಕರೆದು ಗೋಯಾ ಮಾಲೆ ಮುಗಿಸಿದ್ದ. ಆ ಎರಡು ಫಲಕಗಳನ್ನು ಅಕಾಡೆಮಿ ಅಚ್ಚುಹಾಕಿ ಪ್ರಕಟಿಸಿದ್ದು 1957ರಲ್ಲಿ.